ಚೆಂಡೆಸೆಯುವ ಗುಮಾಸ್ತ

ಈ ಕಥೆಯ ಕೊನೆಯ ಭಾಗವನ್ನು ನನಗೆ ಮೊದಲು ಹೇಳಿದವನು ರೋಹ್ತಕ್ ಕಡೆಯ ಹುಡುಗ, ನಮ್ಮ ಕಚೇರಿಯ ಬೇಸ್‌ಬಾಲ್ ತಂಡದ ಕ್ಯಾಚರ್. ನಡೆದದ್ದು ನನ್ನ ಮುಂದೆಯೇ. ನಡೆಸಿದವನೂ ಒಂದು ಲೆಕ್ಕದಲ್ಲಿ ನಾನೇ. ಆದರೆ ಆಗ ನನ್ನ ಕಣ್ಣು ಮುಚ್ಚಿತ್ತು, ಹಾಗಾಗಿ ಇನ್ನೊಬ್ಬರ ಬಾಯಿಂದ ಕೇಳಬೇಕಾಯಿತು. ನನಗೆ ಇಂಥವು ಆಗುತ್ತಲೇ ಇರುತ್ತವೆ. ಹಳ್ಳಿಯ ಶಾಲೆಯಲ್ಲಿ ಓದಿ, ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿ, ಬೆಳಗಿನ ಪೂಜೆ ಮುಗಿಸಿ ದ್ವಾರಕಾದಿಂದ ಮೆಟ್ರೋ ಹಿಡಿದು ಸುಮ್ಮನೆ ಹೋಗಿ ಸುಮ್ಮನೆ ಬರುವ ಮನುಷ್ಯ ನಾನು. ತಮಾಷೆಗಳು ಮಾತ್ರ ನನ್ನ ವಿಳಾಸ ವಿಚಾರಿಸಿಕೊಂಡು ಬರುತ್ತವೆ.

ಹೊಸಬನ ಕೆಲಸ

ದ್ವಾರಕಾಕ್ಕೆ ಮೆಟ್ರೋ ಬಂದ ಹೊಸತು. ನಮ್ಮ ವಿಭಾಗಕ್ಕೆ ಚಿತ್ರದುರ್ಗದ ಕಡೆಯ ಹುಡುಗನೊಬ್ಬ ಗುಮಾಸ್ತನಾಗಿ ಬಂದು ಸೇರಿದ. ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ಮೊಣಕಾಲು ಮುಟ್ಟುವ ಕೈ. ಕನ್ನಡದವನೆಂದು ನನಗೆ ಖುಷಿಯೋ ಖುಷಿ. ಒಂದು ಹೊರೆ ಫೈಲು ಅವನ ಮೇಜಿನ ಮೇಲಿಟ್ಟೆ.

"ಸರ್, ನನ್ನ ಕೆಲಸ ಇದಲ್ಲ. ನಾನು ಕ್ರೀಡಾ ಕೋಟಾದಲ್ಲಿ ಬಂದವನು. ಬೇಸ್‌ಬಾಲ್ ಪಿಚರ್."

"ಅಂದರೆ ಏನು ಮಾಡಬೇಕಪ್ಪ?"

"ಚೆಂಡು ಎಸೀಬೇಕು ಸರ್. ಎದುರಿಗೆ ಬ್ಯಾಟ್ ಹಿಡಿದವನ ಕೈಗೆ ಹತ್ತದ ಹಾಗೆ."

ನಮ್ಮ ಕಚೇರಿಯಲ್ಲಿ ಕೆಲಸವನ್ನು ಪಕ್ಕದ ವಿಭಾಗದ ಕಡೆಗೆ ಎಸೆಯುವವರು ಬಹಳ ಮಂದಿ ಇದ್ದರು. ಎಸೆಯುವುದಕ್ಕೆಂದೇ ಸಂಬಳ ಕೊಟ್ಟು ಕರೆಸಿದ್ದು ಇದೇ ಮೊದಲು.

ನಮ್ಮ ಸಾಹೇಬರೇ ಕ್ರೀಡಾ ಸಮಿತಿಯ ಅಧ್ಯಕ್ಷರು. ಅವರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಆಟವಲ್ಲ. ನನ್ನನ್ನು ಕರೆದು ಹೇಳಿದರು: "ಈ ಸಲ ಇಲಾಖೆಗಳ ಪಂದ್ಯಾವಳಿ ಗೆದ್ದರೆ ಹುಡುಗನ ನೌಕರಿ ಕಾಯಂ. ಸೋತರೆ ಬೇಸ್‌ಬಾಲ್ ತಂಡ ಬಂದ್, ಪ್ರೊಬೇಷನ್ ಮುಗಿದ ದಿನ ಅವನು ಊರಿನ ರೈಲು ಹತ್ತಲಿ."

ಹುಡುಗನಿಗೆ ತಿಳಿಸಿದೆ. ಅವನು ಅಂಗೈ ನೋಡಿಕೊಂಡು, "ಊರಲ್ಲಿ ಈ ಆಟ ಆಡೋರೇ ಇಲ್ಲ ಸರ್. ಇಲ್ಲಿಂದ ಹೋದರೆ ಈ ಕೈ ಮತ್ತೆ ಚೆಂಡು ಹಿಡಿಯೋದಿಲ್ಲ" ಎಂದ. ಸೋತರೂ ಅವನನ್ನು ಉಳಿಸಿಕೊಳ್ಳಿ ಎಂದು ಕೇಳಲು ಸಾಹೇಬರ ಬಳಿ ಮತ್ತೆ ಹೋದೆ.

"ನಿಮ್ಮ ಭಾಷೆಯವನು, ತಂಡವನ್ನು ನೀವೇ ನೋಡಿಕೊಳ್ಳಿ" ಎಂದರು.

"ಸಾರ್, ನನಗೆ ಆ ಆಟದ ತಲೆಬುಡ ಗೊತ್ತಿಲ್ಲ."

"ನನಗೆ ಗೊತ್ತೇನು? ಆದರೂ ನಾನು ಅಧ್ಯಕ್ಷನಲ್ಲವೇ!"

ನಿಂಬೆಹಣ್ಣು

ಅಂದಿನಿಂದ ಭಾನುವಾರದ ಊಟ ಹುಡುಗನಿಗೆ ನಮ್ಮ ಮನೆಯಲ್ಲೇ. ನಮ್ಮದು ಮೂರನೇ ಮಹಡಿ. ಒಂದು ದಿನ ಲಿಫ್ಟ್ ಕೆಟ್ಟಿತ್ತು. ಹುಡುಗ ಕೆಳಗೆ ಬಂದು ನಿಂತಿದ್ದಾಗಲೇ ನನ್ನಾಕೆ ಬಾಲ್ಕನಿಯಿಂದ ತರಕಾರಿ ಭಯ್ಯಾನಿಗೆ, "ಭಯ್ಯಾ, ಚಾರ್ ನಿಂಬೂ!" ಎಂದು ಕೂಗಿದಳು. ಗಾಡಿ ಬಿಟ್ಟು ಮೂರು ಮಹಡಿ ಹತ್ತಲು ಭಯ್ಯಾನಿಗೂ ಮನಸ್ಸಿಲ್ಲ, ಇಳಿಯಲು ಇವಳಿಗೂ ಮನಸ್ಸಿಲ್ಲ.

"ಅಮ್ಮಾ, ಸೆರಗು ಒಡ್ಡಿ ನಿಂತ್ಕೊಳ್ಳಿ" ಎಂದ ಹುಡುಗ. ಒಂದಾದ ಮೇಲೊಂದು ನಿಂಬೆಹಣ್ಣು ಹಾರಿ ಬಂದು ಸೆರಗಿನಲ್ಲಿ ಕುಳಿತವು. ಅವಳು ಕೈ ಅಲ್ಲಾಡಿಸಲೂ ಇಲ್ಲ.

ಅಷ್ಟೇ ಸಾಕಾಯಿತು. ಬಾಲ್ಕನಿ ಬಾಲ್ಕನಿಯಲ್ಲೂ ಹೆಂಗಸರು. "ಬೇಟಾ, ನಮಗೆ ಎರಡು ಟೊಮೇಟೊ!" "ಬೇಟಾ, ನಮಗೊಂದು ಹೂಕೋಸು, ಮೆಲ್ಲಗೆ!" ಭಯ್ಯಾ ಅತ್ತ ತೂಗುತ್ತಾನೆ, ಹುಡುಗ ಇತ್ತ ಎಸೆಯುತ್ತಾನೆ, ಮಕ್ಕಳು ಚಪ್ಪಾಳೆ ಹೊಡೆಯುತ್ತವೆ. ಆ ಸಂಭ್ರಮದಲ್ಲಿ ಒಂದು ನಿಂಬೆಹಣ್ಣು ದಾರಿ ತಪ್ಪಿ ಸೊಸೈಟಿ ಕಾರ್ಯದರ್ಶಿಗಳ ಕಿಟಕಿಯೊಳಗೆ ಹೋಯಿತು. ಅವರು ನಿವೃತ್ತ ಅಧಿಕಾರಿಗಳು, ಅಂಗಳದಲ್ಲಿ ಆಟ ಕೂಡದೆಂದು ಫಲಕ ಹಾಕಿಸಿದವರು. ಬಾಲ್ಕನಿಗಳೆಲ್ಲ ಒಮ್ಮೆಲೇ ಖಾಲಿ.

ಅವರು ನಿಂಬೆಹಣ್ಣು ಹಿಡಿದು ಗಂಭೀರವಾಗಿ ಕೆಳಗಿಳಿದು ಬಂದರು. "ಇದು ನನ್ನ ಚಹಾದ ಕಪ್ಪಿನೊಳಗೆ ಬಿತ್ತು" ಎಂದರು. ಅಷ್ಟರಲ್ಲಿ ನಾನೂ ಇಳಿದು ಬಂದಿದ್ದೆ, ಹುಡುಗ ನನ್ನ ಬೆನ್ನ ಹಿಂದೆ ಸೇರಿದ. ನಾನು ಕೈಮುಗಿದೆ.

"ಮುಂದಿನ ಸಲ ಹೆಚ್ಚಿ ಎಸೆಯಲು ಹೇಳಿ. ನಾನು ಹಿಂಡಿಕೊಂಡೇ ಕುಡಿಯುವುದು."

ಆಯುಧಪೂಜೆ

ನಮ್ಮ ಮನೆಯಲ್ಲಿ ಆಯುಧಪೂಜೆ ಬಿಡುವಂತಿಲ್ಲ. ಅಡುಗೆಮನೆಯ ಈಳಿಗೆಮಣೆ, ನನ್ನ ಪೆನ್ನು, ಮಗಳ ಕಂಪ್ಯೂಟರ್, ಎಲ್ಲದಕ್ಕೂ ಕುಂಕುಮ. ಆ ವರ್ಷ ಹುಡುಗನ ಚೆಂಡು, ಚರ್ಮದ ಕೈಗವಸು ಕೂಡ ಮಣೆಯ ಮೇಲೆ ಕುಳಿತವು. ಗಂಧ ತೇಯ್ದು ಚೆಂಡಿಗೆ ಚೆನ್ನಾಗಿ ಲೇಪಿಸಿದೆ. "ಅಪ್ಪಾ, ಬಾಲ್‌ಗೂ ಪೂಜಾ? ಸೋ ಕ್ಯೂಟ್!" ಎಂದಳು ದೆಹಲಿಯಲ್ಲೇ ಹುಟ್ಟಿ ಬೆಳೆದ ಮಗಳು.

ಮರುದಿನವೇ ಅಭ್ಯಾಸ ಪಂದ್ಯ. ಚೆಂಡು ಕಡಿಮೆ ಬಿದ್ದು ಹುಡುಗ ಪೂಜೆಯ ಚೆಂಡನ್ನೇ ತೆಗೆದ. ನನಗೇನು ಗೊತ್ತು, ಈ ಆಟದಲ್ಲಿ ಚೆಂಡಿಗೆ ಏನನ್ನೂ ಹಚ್ಚುವಂತಿಲ್ಲವಂತೆ! ಬ್ಯಾಟ್ ಹಿಡಿದವನು, "ಅಂಪೈರ್ ಸಾಬ್, ಚೆಂಡಿಗೆ ಏನೋ ಮೆತ್ತಿದ್ದಾರೆ!" ಎಂದು ಅರಚಿದ. ಅಂಪೈರ್ ಚೆಂಡನ್ನು ತಿರುಗಿಸಿ ನೋಡಿದರು, ಮೂಸಿದರು, ಮತ್ತೊಮ್ಮೆ ಮೂಸಿದರು.

"ಇದೇನು?"

"ಪೂಜೆಯದು ಸಾಹೇಬರೇ, ಗಂಧ, ಕುಂಕುಮ" ಎಂದೆ ಮೈದಾನದಂಚಿನ ಜಾಲರಿಯ ಹಿಂದಿನಿಂದ.

ಅವರು ಬೆರಳಿನಿಂದ ಕುಂಕುಮ ತೆಗೆದು ಹಣೆಗಿಟ್ಟುಕೊಂಡರು. ಆಮೇಲೆ ಗಟ್ಟಿಯಾಗಿ ತೀರ್ಪು ಕೊಟ್ಟರು: "ಚೆಂಡು ಬದಲಾಯಿಸಿ. ಪ್ರಸಾದ ನನ್ನ ಹತ್ತಿರ ಇರಲಿ."

ಜಾಲರಿಯ ಹಿಂದೆ

ಇನ್ನು ರೋಹ್ತಕ್ ಹುಡುಗ ಹೇಳಿದ ಭಾಗ.

ತಂಡ ಗೆಲ್ಲುತ್ತಾ ಗೆಲ್ಲುತ್ತಾ ಫೈನಲ್ ತಲುಪಿತು. ಸಾಹೇಬರೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಈ ಆಟದಲ್ಲಿ ಕ್ಯಾಚರ್ ಎಂಬವನು ಬ್ಯಾಟುಗಾರನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು, ತೊಡೆಗಳ ನಡುವೆ ಬೆರಳು ತೋರಿಸುತ್ತಾನೆ. ಒಂದು ಬೆರಳೆಂದರೆ ನೇರ ವೇಗದ ಎಸೆತ, ಎರಡೆಂದರೆ ತಿರುಗುವ ಎಸೆತ. ಅದನ್ನು ನೋಡಿ ಪಿಚರ್ ಎಸೆಯಬೇಕು. ಎದುರಾಳಿಗಳಿಗೆ ಆ ಗುಟ್ಟು ತಿಳಿದರೆ ಮುಗಿಯಿತು.

ಕ್ಯಾಚರನ ಹಿಂದೆ ಒಂದು ಜಾಲರಿ. ಜಾಲರಿಯ ಹಿಂದೆ ಕುರ್ಚಿಯಲ್ಲಿ ನಾನು. ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗಿಣ್ಣು ಎಣಿಸುತ್ತಾ ರಾಮನಾಮ ಜಪಿಸುತ್ತಿದ್ದೆ. ಜಪದ ಕೈ ಯಾರಿಗೂ ಕಾಣಬಾರದೆಂದು ನಮ್ಮ ತಂದೆ ಕಲಿಸಿದ್ದರು, ಅದಕ್ಕೆ ಮೇಲೊಂದು ವಸ್ತ್ರ ಹೊದಿಸಿಕೊಂಡಿದ್ದೆ.

ಕೊನೆಯ ಸರದಿ ಬಂತು. ನಾವು ಒಂದೇ ಓಟ ಮುಂದೆ. ಅವರಲ್ಲಿ ಇನ್ನೊಬ್ಬ ಔಟಾದರೆ ಗೆಲುವು ನಮ್ಮದು, ಅವನು ಸರಿಯಾಗಿ ಒಂದು ಬಾರಿಸಿದರೆ ಹುಡುಗ ಊರಿಗೆ. ಬ್ಯಾಟ್ ಹಿಡಿದು ಬಂದವನು ಅವರ ಮಹಾ ಬಲಶಾಲಿ. ಹುಡುಗನ ಅಂಗೈ ಬೆವರಿ ಚೆಂಡು ಜಾರುತ್ತಿತ್ತು. ಜಾಲರಿಯ ಹತ್ತಿರ ಓಡಿ ಬಂದ. "ಸರ್, ಒರೆಸಿಕೊಳ್ಳೋಕೆ ಏನಾದ್ರೂ ಕೊಡಿ!" ವಸ್ತ್ರವನ್ನೇ ಕೊಟ್ಟುಬಿಟ್ಟೆ. ನೋಡಲಾಗದೆ ಕಣ್ಣು ಮುಚ್ಚಿದೆ. ಕೈ ಮಾತ್ರ ಮೊಣಕಾಲಿನ ಮೇಲೆ ಬಟಾಬಯಲಾಗಿ ಜಪ ಮಾಡುತ್ತಿತ್ತು.

ಓಟಗಾರರು ಮುಟ್ಟಿ ಹೋಗುವ ಮೂರನೇ ಬೇಸಿನ ಬಳಿ ನಿಂತಿದ್ದ ಎದುರಾಳಿ ಕೋಚ್ ಅದನ್ನು ಕಂಡ. ಕ್ಯಾಚರ್ ತೋರಿಸುವುದೆಲ್ಲ ಬರೀ ನಾಟಕ, ನಿಜವಾದ ಸನ್ನೆ ಈ ಮುದುಕನದು ಎಂದು ತೀರ್ಮಾನಿಸಿದ. ಬ್ಯಾಟುಗಾರನಿಗೆ ಕೂಗಿದ: "ಅಂಕಲ್‌ಜೀ ಬೆರಳು ನೋಡ್ತಾ ಇದ್ದೇನೆ, ನಾನು ಹೇಳಿದ ಹಾಗೆ ಹೊಡೆ!"

ನನ್ನ ಹೆಬ್ಬೆರಳು ಕಿರುಬೆರಳಿಗೆ ಹೋಯಿತು. "ತಿರುಗುತ್ತೆ!" ಎಂದು ಕೂಗಿದ ಕೋಚ್. ಚೆಂಡು ನೇರ ಬಂತು, ಬ್ಯಾಟ್ ಗಾಳಿ ಹೊಡೆಯಿತು. ಹಾಗಾದರೆ ಕಿರುಬೆರಳೆಂದರೆ ನೇರ ಎಂದು ಅವನು ಲೆಕ್ಕ ಸರಿಪಡಿಸಿಕೊಂಡ. ಹೆಬ್ಬೆರಳು ಮತ್ತೆ ಕಿರುಬೆರಳಿಗೆ ಬಂದಾಗ "ನೇರ!" ಎಂದ. ಚೆಂಡು ತಿರುಗಿತು. ಬ್ಯಾಟುಗಾರನೂ ತನ್ನ ಸುತ್ತ ತಾನೇ ಒಂದು ಸುತ್ತು ತಿರುಗಿದ.

ಈ ಆಟದಲ್ಲಿ ಹೀಗೆ ಮೂರು ತಪ್ಪಿದರೆ ಔಟ್, ಹೊಡೆಯಬಹುದಾದ ಚೆಂಡನ್ನು ಸುಮ್ಮನೆ ಬಿಟ್ಟರೂ ಲೆಕ್ಕಕ್ಕೆ ಬರುತ್ತದೆ; ಇನ್ನೊಂದೇ ಬಾಕಿ. ಸುತ್ತ ಕೂಗಾಟ ಮುಗಿಲು ಮುಟ್ಟಿತ್ತು. ನನ್ನ ಜಪ ನಾಗಾಲೋಟಕ್ಕೆ ಬಿತ್ತು, ಹೆಬ್ಬೆರಳು ಎಲ್ಲ ಗಿಣ್ಣುಗಳ ಮೇಲೂ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡತೊಡಗಿತು. ಕೋಚ್ ಬಾಯಿ ಬಿಟ್ಟು ನಿಂತ. "ರುಕ್, ರುಕ್! ಇದು ಯಾವುದೋ ಹೊಸದು! ಮುಟ್ಟಬೇಡ!"

ಬ್ಯಾಟುಗಾರ ಎರಡು ಹೆಜ್ಜೆ ಹಿಂದೆ ಸರಿದ. ಚೆಂಡು ನಮ್ಮ ಮಗಳು ಎಸೆದರೂ ಬರುವಷ್ಟು ಸಾದಾ ಸೀದಾ ಬಂದು ಕ್ಯಾಚರನ ಕೈಗವಸಿನಲ್ಲಿ ಕುಳಿತಿತು. ಔಟ್!

ಕಣ್ಣು ಬಿಟ್ಟರೆ ಹುಡುಗ ಜಾಲರಿ ಹತ್ತಿ ನನ್ನ ವಸ್ತ್ರವನ್ನು ಬಾವುಟದ ಹಾಗೆ ಬೀಸುತ್ತಿದ್ದ. ಸಾಹೇಬರು ಕುರ್ಚಿಯ ಮೇಲೆ ನಿಂತು, "ಕಾಯಂ! ಕಾಯಂ!" ಎಂದು ಕೂಗುತ್ತಿದ್ದರು.

ಅಷ್ಟರಲ್ಲಿ ಎದುರಾಳಿ ಕೋಚ್ ಬಂದು ನನ್ನ ಪಾದ ಮುಟ್ಟಿದ. "ಅಂಕಲ್‌ಜೀ, ಸೋತದ್ದಾಯಿತು. ಈಗಲಾದರೂ ಹೇಳಿ, ಆ ಕೊನೆಯದು ಏನು?"

"ರಾಮನಾಮ ಕಣಪ್ಪ."

ಅವನ ಮುಖ ಸಣ್ಣದಾಯಿತು. "ಹೇಳಲು ಇಷ್ಟವಿಲ್ಲದಿದ್ದರೆ ಬೇಡ. ದೇವರ ಹೆಸರಿನಲ್ಲಿ ಸುಳ್ಳು ಮಾತ್ರ ಹೇಳಬೇಡಿ."

ಮರುವರ್ಷ ನಮ್ಮ ಹುಡುಗ ಕಾಯಂ ನೌಕರನ ಠೀವಿಯಲ್ಲಿ ಚೆಂಡು ಹಿಡಿದು ನಿಂತ. ನಾನು ವಸ್ತ್ರ ಹೊದ್ದು ಜಾಲರಿಯ ಹಿಂದೆ ಹೋದರೆ ನನ್ನ ಜಾಗದ ಪಕ್ಕದಲ್ಲೇ ಇನ್ನೊಂದು ಕುರ್ಚಿ. ಅದೇ ಎದುರಾಳಿ ಇಲಾಖೆಯವರು ಘಾಜಿಯಾಬಾದಿನಿಂದ ಹಣೆ ತುಂಬ ತಿಲಕದ ಒಬ್ಬ ಅಜ್ಜನನ್ನು ಕರೆಸಿ ಕೂರಿಸಿದ್ದರು. ಅವರು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಭಾಯಿಸಾಬ್, ಬೆರಳು ಆಡಿಸುತ್ತಾ ಇರು ಅಂದಿದ್ದಾರೆ. ಯಾಕೆಂದು ನಿಮಗೇನಾದರೂ ಗೊತ್ತೇ?"

ಇದನ್ನು ಓದಿದವರು ನಾಲ್ಕು ಜನಕ್ಕೆ ಹೇಳಿ, ಅವರು ಇನ್ನು ನಾಲ್ಕು ಜನಕ್ಕೆ ಹೇಳಲಿ. ಆ ಎದುರಾಳಿ ಇಲಾಖೆಯವರಿಗೆ ಮಾತ್ರ ಬೇಡ. ಹುಡುಗ ಇನ್ನೂ ಆಡುತ್ತಿದ್ದಾನೆ.