ಸಿಲಿಕೋನ್ ಬಟ್ಟಲು ಶುದ್ಧೀಕರಣ ಪ್ರಕರಣ

ಮಕ್ತಲ್ ಬಜಾರಿನಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಹಿತ್ತಾಳೆಗೆ ಹುಣಸೆಹಣ್ಣು, ಕಬ್ಬಿಣಕ್ಕೆ ಎಣ್ಣೆ, ಅಲ್ಯೂಮಿನಿಯಂಗೆ ಬೂದಿ ಎಂದು ಗಿರಾಕಿಗಳು ಕೇಳದಿದ್ದರೂ ತಡೆದು ನಿಲ್ಲಿಸಿ ಹೇಳಿ ಕಳಿಸುವವನು ನಾನು. ಇಂಥವನಿಗೆ ಆರು ಮೆತ್ತನೆಯ ಬಟ್ಟಲು ತೊಳೆಯುವುದೂ ಒಂದು ಕೆಲಸವೇ? ಅಲ್ಲ ಅಂದುಕೊಂಡೆ. ಅಲ್ಲಿಗೆ ಶನಿ ನನ್ನ ಹೆಗಲೇರಿದ.

ಅವು ಸಿಲಿಕೋನಿನ ಬಟ್ಟಲುಗಳು. ಗುಲಾಬಿ ಬಣ್ಣ, ಹಿಂಡಿದರೆ ಮುದುಡುತ್ತವೆ, ಬಿಟ್ಟರೆ ಅರಳುತ್ತವೆ. ಗದ್ವಾಲದಲ್ಲಿರುವ ನನ್ನ ನಾದಿನಿ ಕಳಿಸಿದ್ದಳು. ರಬ್ಬರಿನಲ್ಲಿ ಅಡಿಗೆ ಮಾಡುವ ಕಾಲ ಬಂತಲ್ಲ ಎಂದು ನಾನು ನಕ್ಕಿದ್ದೆ.

ನನ್ನ ನಗು ನಿಲ್ಲಿಸಿದ್ದು ಅವ್ವ. ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವ ಊಟ ಬಿಟ್ಟಂತೆಯೇ ಇದ್ದಳು. ಹಲ್ಲಿಲ್ಲ, ಹಸಿವಿಲ್ಲ, ಮನಸ್ಸಂತೂ ಇಲ್ಲವೇ ಇಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೂ ತಟ್ಟೆ ಸರಿಸಿ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಅವಳ ಕುಪ್ಪಸದ ತೋಳು ಸಡಿಲವಾಗುತ್ತ ಹೋದಂತೆ ನನಗೆ ಹೆದರಿಕೆಯಾಗುತ್ತಿತ್ತು. ಒಂದು ದಿನ ನನ್ನ ಹೆಂಡತಿ ಸುವರ್ಣ ಆ ಬಟ್ಟಲುಗಳಲ್ಲಿ ಇಡ್ಲಿ ಬೇಯಿಸಿ, ಹಿಂದಿನಿಂದ ಒತ್ತಿದಳು. ಅಂಚು ಹರಿಯದೆ, ಒಣಗದೆ, ಹೂವಿನಂಥ ಇಡ್ಲಿ ಹೊರಬಿತ್ತು. ಅವ್ವ ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದಳು. "ಇದು ಗಂಟಲಾಗ ಇಳಿತೈತಿ" ಅಂದಳು. ಅವತ್ತಿನಿಂದ ಅವ್ವ ನಡೆದಿದ್ದೇ ಆ ಬಟ್ಟಲುಗಳ ಮೇಲೆ.

ಹೀಗಿರುವಾಗ ಪಕ್ಕದ ಮನೆಯ ಪದ್ಮಮ್ಮ ಮೊಮ್ಮಗಳ ಹುಟ್ಟುಹಬ್ಬಕ್ಕೆ ಸಣ್ಣ ಸಣ್ಣ ಕೇಕು ಮಾಡಬೇಕೆಂದು ಬಟ್ಟಲು ಕೇಳಿದಳು. ಸುವರ್ಣ ಸಂತೆಗೆ ಹೋಗಿದ್ದಳು. ಧಾರಾಳಿಯಂತೆ ತೆಗೆದುಕೊಟ್ಟವನು ನಾನೇ! ಮರುದಿನ ಸಂಜೆ ಪದ್ಮಮ್ಮ ಬಟ್ಟಲನ್ನು ಫಳಫಳ ತೊಳೆದು ತಂದು, ನೇರ ಅವ್ವ ಮಲಗಿದ್ದ ಹೊರಸಿನ ಪಕ್ಕ ಕೂತು, ಕೇಕು ಎಷ್ಟು ಚೆನ್ನಾಗಿ ಬಂತು, ಮೊಟ್ಟೆ ಹಾಕಿದ್ದಕ್ಕೇ ಅಷ್ಟು ಮೆತ್ತಗಾಯಿತು ಎಂದು ಪ್ರೀತಿಯಿಂದ ವಿವರಿಸಿದಳು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಮೊಟ್ಟೆ ನಮ್ಮ ಬೀದಿಯಲ್ಲಿ ಎಷ್ಟು ಬೇಕಾದರೂ ಓಡಾಡಬಹುದು, ಹೊಸ್ತಿಲು ದಾಟುವಂತಿಲ್ಲ. ಆ ರಾತ್ರಿ ಅವ್ವ ಇಡ್ಲಿ ಮುಟ್ಟಲಿಲ್ಲ. ಕಣ್ಣು ಮುಚ್ಚಿಕೊಂಡೇ ತೀರ್ಪು ಕೊಟ್ಟಳು.

"ಲೋಹ ಆದ್ರ ಕೆಂಡಕ್ಕ ಹಾಕಿ ತಗೀರಿ. ಮಣ್ಣು ಆದ್ರ ಹೊರಗ ಒಗೀರಿ. ಅಲ್ಲಿಗಂಟ ನನಗೇನೂ ಬ್ಯಾಡ."

ಇದು ಅವ್ವನ ಅತ್ತೆಯ ಕಾಲದಿಂದ ನಮ್ಮ ಮನೆಯಲ್ಲಿ ಜಾರಿಯಲ್ಲಿರುವ ಕಾನೂನು. ಮೈಲಿಗೆಯಾದ ಲೋಹದ ಪಾತ್ರೆ ಬೆಂಕಿ ಕಂಡರೆ ಶುದ್ಧ, ಮಣ್ಣಿನ ಗಡಿಗೆಗೆ ಮಾಫಿ ಇಲ್ಲ. ಸಿಲಿಕೋನ್ ಯಾವ ಕಲಮಿನಡಿ ಬರುತ್ತದೆ? ಅತ್ತೆಯ ಕಾಲದಲ್ಲಿ ಈ ಪ್ರಶ್ನೆ ಎದ್ದಿರಲಿಲ್ಲ.

ಸುವರ್ಣ ಸುಲಭದ ದಾರಿ ಹೇಳಿದಳು. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಸ್ವಲ್ಪ ಹೊತ್ತು ನೆನೆಸುವುದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಒಣಗಿಸಿಡುವುದು, ಅವ್ವನ ಸಮಾಧಾನಕ್ಕೆ ಗದ್ವಾಲದಿಂದ ಹೊಸವನ್ನು ತರಿಸುವುದು. ಹೊಸವು ಬರುವ ತನಕ ಅವ್ವ ಉಪವಾಸ ಇರಬೇಕೇ ಎಂದು ನಾನು ಎಗರಿಬಿದ್ದೆ. ಪಾತ್ರೆಯ ವಿಷಯ ಪಾತ್ರೆಯವನಿಗೆ ಬಿಡು ಅಂದೆ. ಅವಳು ಬಿಟ್ಟಳು.

ಬೆಳಿಗ್ಗೆ ಎದ್ದವನೇ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಗುಲಾಬಿ ಬಣ್ಣ ಕಂದಿತು. ಬೂದಿ ಹಾಕಿ ತಂತಿ ನಾರಿನಿಂದ ಉಜ್ಜಿದೆ. ನುಣುಪು ಹೋಗಿ ಮೈಯೆಲ್ಲ ಗೀರು ಬಿತ್ತು. ಆ ಗೀರಿನಲ್ಲಿ ಮೊಟ್ಟೆ ಅಡಗಿದ್ದರೆ ಎಂಬ ಅನುಮಾನಕ್ಕೆ ಬಟ್ಟೆ ತೊಳೆಯುವ ಪುಡಿಯಲ್ಲಿ ನೆನೆಹಾಕಿದೆ. ಸಿಲಿಕೋನ್ ವಾಸನೆಯನ್ನು ಹೀರಿದರೆ ಬಿಡುವುದಿಲ್ಲವೆಂದು ನನಗೆ ಯಾರು ಹೇಳಬೇಕು? ಪರೀಕ್ಷೆಗೆಂದು ಸುವರ್ಣ ಬೇಯಿಸಿದ ಇಡ್ಲಿ ಒಗೆದ ಧೋತರದಂತೆ ನಾರಿತು. ಇಸ್ತ್ರಿ ಮಾಡುವುದೊಂದೇ ಬಾಕಿ!

ಇನ್ನು ಉಳಿದದ್ದು ಕೆಂಡ. ಬಟ್ಟಲು ಬಂದ ಡಬ್ಬಿಯ ಮೇಲೆ ಓವನ್ನಿನ ಶಾಖ ತಡೆಯುತ್ತದೆ ಎಂದು ಬರೆದಿತ್ತು. ಓವನ್ ನಮ್ಮ ಮನೆಯಲ್ಲಿಲ್ಲ, ಸಗಣಿಯ ಕುಳ್ಳು ಇವೆ. ಬೆಂಕಿ ಬೆಂಕಿಯೇ ಅಲ್ಲವೇ? ಸದರಿ ಬಟ್ಟಲುಗಳನ್ನು ಲೋಹವೆಂದು ಘೋಷಿಸಿ, ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಹಿತ್ತಲಿಗೆ ಹೋಗಿ ಕುಳ್ಳಿನ ಕೆಂಡ ಮಾಡಿದೆ. ಇಕ್ಕಳದಿಂದ ಒಂದೊಂದೇ ಬಟ್ಟಲನ್ನು ಇಟ್ಟೆ. ಮೊದಲಿಗೆ ಏನೂ ಆಗಲಿಲ್ಲ. ಹೆಮ್ಮೆಯಿಂದ ಸುವರ್ಣಳನ್ನು ಕರೆದೆ. ಅವಳು ಬರುವಷ್ಟರಲ್ಲಿ ಕೆಂಡ ಆರಬಾರದೆಂದು ಊದುಗೊಳವೆ ಹಿಡಿದು ಊದಿದೆ.

ಊದಬಾರದಿತ್ತು. ಭಗ್ಗನೆ ಉರಿ ಎದ್ದಿತು. ಬಿಳಿ ಹೊಗೆ ಗೋಡೆ ದಾಟಿತು. ಅತ್ತಲಿಂದ ಪದ್ಮಮ್ಮ ಏನು ಸುಡುತ್ತಿದ್ದೀರಿ ಎಂದು ಕೇಳಿದಳು. ಪೂಜೆ ಎಂದು ಕೆಮ್ಮುತ್ತ ಹೇಳಿದೆ. ಹೊಗೆ ತಿಳಿಯಾದಾಗ ಕೆಂಡದ ಮೇಲೆ ಬಟ್ಟಲಿನ ಆಕಾರದಲ್ಲಿ ಒಂದಿಷ್ಟು ಬಿಳಿ ಬೂದಿ ಇತ್ತು. ಇಕ್ಕಳ ತಾಗಿಸಿದೆ. ಆಕಾರವೂ ಹೋಯಿತು.

"ಈಗ ಪೂರಾ ಶುದ್ಧ ಆದ್ವು ನೋಡ್ರಿ" ಅಂದಳು ಸುವರ್ಣ. "ಮುಟ್ಟಾಕೂ ಏನೂ ಉಳಿಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ಅವ್ವನ ಗಂಟಲಿಗೆ ಇಳಿಯುತ್ತಿದ್ದ ಒಂದೇ ಒಂದು ತುತ್ತನ್ನು ನಾನು ಶಾಸ್ತ್ರೋಕ್ತವಾಗಿ ದಹನ ಮಾಡಿದ್ದೆ.

ಮುಚ್ಚಿಡುವ ಧೈರ್ಯ ಬರಲಿಲ್ಲ. ಬೂದಿ ತಣಿದ ಮೇಲೆ ತಟ್ಟೆಯಲ್ಲಿ ತುಂಬಿಕೊಂಡು ಅವ್ವನ ಮುಂದೆ ನಿಂತೆ. ಬಾಯಿ ತೆರೆಯುವ ಮೊದಲೇ ಅವಳು ತಟ್ಟೆಗೆ ಮೂರು ಬೆರಳು ಅದ್ದಿ ಹಣೆಗೆ ಅಡ್ಡಕ್ಕೆ ಎಳೆದುಕೊಂಡಳು. ವಿಭೂತಿ ಅಂದುಕೊಂಡಳು! ಜೀವಮಾನವೆಲ್ಲ ಮೊಟ್ಟೆಯ ನೆರಳು ತಾಗಿಸಿಕೊಳ್ಳದವಳ ಹಣೆಯ ಮೇಲೆ ಕೇಕಿನ ಬಟ್ಟಲು! ನನ್ನನ್ನೂ ಬಗ್ಗು ಎಂದು ಸನ್ನೆ ಮಾಡಿದಳು. ಬಗ್ಗಿದೆ. ಆ ಬೆರಳು ನನ್ನ ಹಣೆಯ ಮೇಲೆ ಹರಿದಾಗ ತಡೆಯಲಾಗದೆ ಅತ್ತೆ. ಹೊಗೆ ಹೋಗಿದೆ ಕಣ್ಣಿಗೆ ಅಂದೆ.

ಅವ್ವ ಸೆರಗಿನಿಂದ ನನ್ನ ಕಣ್ಣೊರೆಸಿದಳು.

"ಥೇಟ್ ನಿಮ್ಮಪ್ಪನಂಗ ಕಾಣ್ತಿ, ತಮ್ಮಾ. ಅವರೂ ಹಿಂಗ. ಏನು ಚೊಕ್ಕ ಮಾಡಾಕ ಹೋದ್ರೂ ಸುಟ್ಟ ಬರ್ತಿದ್ರು."

ಗೊತ್ತಿತ್ತು ಅವಳಿಗೆ. ಹಿತ್ತಲ ಹೊಗೆ ಪಡಸಾಲೆಗೂ ಬಂದಿತ್ತಲ್ಲ. ಬೆಂಕಿ ಕಂಡದ್ದಕ್ಕೆ ಮೈಲಿಗೆ ಎಲ್ಲಿಯದು, ವಿಭೂತಿಯಂತೆ ಅದೂ ಬೂದಿಯೇ ಅಂದಳು. ಆಮೇಲೆ ಅಪ್ಪನ ನೆನಪಿಗೆ ಅವಳೂ ಸ್ವಲ್ಪ ಅತ್ತಳು.

ಸುವರ್ಣ ಸ್ಟೀಲಿನ ತಟ್ಟೆಯಲ್ಲಿ ಬೇಯಿಸಿದ, ಅಂಚು ಹರಿದ ಇಡ್ಲಿಯನ್ನೇ ಹಾಲಿನಲ್ಲಿ ಕಿವುಚಿ ತಂದಳು. ಅವ್ವ ಅರ್ಧ ತಿಂದಳು. ರುಚಿಗಲ್ಲ, ನನ್ನ ಮುಖ ನೋಡಲಾರದೆ. ಉಳಿದರ್ಧವನ್ನು ನನ್ನ ಕಡೆ ತಳ್ಳಿ, ನೀನೂ ಮುಂಜಾನೆಯಿಂದ ಏನೂ ತಿಂದಿಲ್ಲ ಅಂದಳು. ಕೂತು ತಟ್ಟೆಗೆ ಬಗ್ಗಿದೆ. ಹಣೆಯಿಂದ ಒಂದು ಚಿಟಿಕೆ ಬಟ್ಟಲು ಉದುರಿ ಹಾಲಿಗೆ ಬಿತ್ತು. ಅವ್ವ ನೋಡುತ್ತಿದ್ದಳು, ಸುವರ್ಣ ನೋಡುತ್ತಿದ್ದಳು. ಸುಮ್ಮನೆ ಕಲಸಿ ತಿಂದುಬಿಟ್ಟೆ.