ವಾಡಿಯಲ್ಲಿ ನನಗೆ ಉಡಿ ತುಂಬಿದ್ದು

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಾಡಿಯ ಹೆಂಗಸರದಲ್ಲ, ಆಟೋದ ಖಾಜಾ ಮಾಮಾನದಲ್ಲ, ಅಂಬುಜಾಬಾಯಿಯವರದಂತೂ ಅಲ್ಲವೇ ಅಲ್ಲ. ಅರವತ್ತೈದು ವರ್ಷದ ಹಿರಿಯ ಕಲಾವಿದೆಗೆ ಸಲ್ಲಬೇಕಾದ ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ, ಐದು ಉತ್ತತ್ತಿ, ಒಂದು ಕುಬಸದ ಖಣ ಮತ್ತು ಆರು ಹಸಿರು ಬಳೆಗಳನ್ನು ಮೀಸೆಯಿರುವ ಗಂಡಸೊಬ್ಬ ಹಾಡಹಗಲೇ ಸ್ವೀಕರಿಸಿದ್ದಾನೆಂದರೆ, ಆ ಗಂಡಸು ನಾನೇ. ಹೆಸರು ಮಲ್ಲಿಕಾರ್ಜುನ. ವಯಸ್ಸು ಇಪ್ಪತ್ತಮೂರು. ಬುದ್ಧಿಯ ವಯಸ್ಸು ಇನ್ನೂ ಗೊತ್ತಾಗಿಲ್ಲ.

ಊರು ಶಹಾಬಾದ. ಫರಸಿ ಕಲ್ಲು ಪಾಲಿಶ್ ಮಾಡುವಲ್ಲಿ ಕಲ್ಲು ಅಳೆದು ಲಾರಿಗೆ ಹೇರಿಸುವುದು ನನ್ನ ಕೆಲಸ. ಮಿಮಿಕ್ರಿ ನನ್ನ ರೋಗ. ನಮ್ಮ ಸಾಹುಕಾರರು ಫೋನಿನಲ್ಲಿ ಸುಳ್ಳು ಹೇಳುವ ಮೊದಲು ಕೆಮ್ಮುವುದನ್ನು ಮಾಡುತ್ತೇನೆ. ನಮ್ಮವ್ವ ಕಾಯಿಪಲ್ಲೆಯವಳ ಜೊತೆ ಚೌಕಾಸಿ ಮಾಡುವುದನ್ನು ಮಾಡುತ್ತೇನೆ. ಅವ್ವನ ಎದುರಿಗೇ ಮಾಡಿ ಒದೆಯನ್ನೂ ತಿಂದಿದ್ದೇನೆ. ಆದರೆ ನನ್ನ ಹೆಸರು ನಾಲ್ಕು ಊರಿಗೆ ಗೊತ್ತಾಗಿದ್ದು ಅಂಬುಜಾಬಾಯಿಯವರ ದನಿಯಿಂದ. ಕಂಪನಿ ನಾಟಕದಲ್ಲಿ ಹಾಡಿ, ಸಿನಿಮಾದಲ್ಲಿ ನಟಿಸಿ ಹೆಸರಾದವರು ಅವರು. ಅವ್ವನ ಹತ್ತಿರ ಅವರ ಹಳೆಯ ಕ್ಯಾಸೆಟ್ಟುಗಳು ಒಂದು ಟ್ರಂಕಿನಷ್ಟಿವೆ. ಅವುಗಳನ್ನು ಕೇಳಿ ಕೇಳಿ, ಮೀಸೆ ಬರುವ ಮೊದಲೇ ನನಗೆ ಅವರ ದನಿ ಬಂದಿತ್ತು.

ಮೊನ್ನೆ ಅವರ ಹೊಸ ಸಿನಿಮಾ ಬಂತು. 'ಬುಲೆಟ್ ಅತ್ತಿ'. ಸೊಸೆಯ ಮೇಲಿನ ಸಿಟ್ಟಿಗೆ ಬುಲೆಟ್ ಗಾಡಿ ಕಲಿಯುವ ಅತ್ತೆಯ ಕಥೆ, ಪೂರಾ ಕಾಮಿಡಿ. ಬಹಳ ವರ್ಷಗಳ ಮೇಲೆ ಅವರಿಗೆ ಸಿಕ್ಕ ದೊಡ್ಡ ಪಾತ್ರ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಹೀಗೆ ಐದು ಊರಿನಲ್ಲಿ, ಸೇಡಂನಲ್ಲಿ ಎರಡು ದಿನ, ಉಳಿದ ಕಡೆ ದಿನಕ್ಕೊಂದರಂತೆ, ಅವರೇ ಬಂದು ಜನರ ಜೊತೆ ಮಾತಾಡಿ ಸಿನಿಮಾ ತೋರಿಸುವುದೆಂದು ನಿಗದಿಯಾಗಿತ್ತು. ಸೇಡಂನ ಮೊದಲ ಕಾರ್ಯಕ್ರಮದಲ್ಲಿ ನಾನು ವೇದಿಕೆ ಹತ್ತಿ ಅವರ ದನಿಯಲ್ಲೇ ಅವರನ್ನು ಸ್ವಾಗತಿಸಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕಾರ್ಯಕ್ರಮ ಮುಗಿದ ಮೇಲೆ ಕರೆದರು.

"ತಮ್ಮಾ, ನೀ ನನ್ನಕಿಂತ ಒಂದಿನ ಮುಂದ ಹೋಗು. ಆಟೋದಾಗ ಕುಂತು ಅನೌನ್ಸ್ ಮಾಡು. ನಾಳಿಗಿ ಅಂಬುಜಾಬಾಯಿ ಬರ್ತಾಳ ಅನ್ನು. ಅಷ್ಟ ಸಾಕು. ಮತ್ತೇನೂ ಜಾಸ್ತಿ ಬ್ಯಾಡ."

"ಆಯ್ತರಿ ಬಾಯಿಯೋರೆ."

"ಈ ಐದೂರಾಗ ಜನ ಬರಲಿಲ್ಲಂದ್ರ ನನ್ನ ಇನ್ಯಾರೂ ಕರೆಂಗಿಲ್ಲ ನೋಡು. ಛಲೋ ಮಾಡು. ಮುಂದಿನ ಸಿನಿಮಾದಾಗ ನಿನಗೂ ಒಂದು ಪಾತ್ರ ಕೊಡಸ್ತೀನಿ."

ಎಲ್ಲರೂ ಕಲಾವಿದರನ್ನು ಹಿಂದಿನಿಂದ ಹಿಂಬಾಲಿಸುತ್ತಾರೆ. ಮುಂದಿನಿಂದ ಹಿಂಬಾಲಿಸುವ ಭಾಗ್ಯ ನನ್ನೊಬ್ಬನಿಗೇ ಸಿಕ್ಕಿತು.

ಮರುದಿನ ಚಿತ್ತಾಪುರ. ಖಾಜಾ ಮಾಮಾನ ಆಟೋಗೆ ಎರಡೂ ಕಡೆ ಬ್ಯಾನರ್ ಕಟ್ಟಿದ್ದೆವು. ಬ್ಯಾನರಿನಲ್ಲಿ ಅಂಬುಜಾಬಾಯಿ ಹೆಲ್ಮೆಟ್ ಹಾಕಿ, ಕರಿ ಕನ್ನಡಕ ಏರಿಸಿ ಬುಲೆಟ್ ಮೇಲೆ ಕುಳಿತಿದ್ದರು. ಒಳಗೆ ನಾನು, ಮೈಕು ಮತ್ತು ಬೆವರು. ಹೊರಗಿನವರಿಗೆ ಮೂರೂ ಕಾಣುತ್ತಿರಲಿಲ್ಲ. "ಸನ್ಮಾನ್ಯ ನಾಗರಿಕರೇ" ಎಂದು ನನ್ನ ಸ್ವಂತ ದನಿಯಲ್ಲಿ ಗಾಂಭೀರ್ಯದಿಂದ ಶುರು ಮಾಡಿದೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬನೂ ಕಪ್ಪು-ಬಸಿಯಿಂದ ಮುಖ ಎತ್ತಲಿಲ್ಲ. ಒಂದು ನಾಯಿ ನೋಡಿತು. ಅದೂ ಬೇರೆ ಕೆಲಸ ನೆನಪಾದಂತೆ ಎದ್ದು ಹೋಯಿತು.

"ಏ ಮಲ್ಲ್ಯಾ, ನಿನ್ನ ಮಾತಿಗಿ ನನಗ ನಿದ್ದಿ ಬರ್ಲಿಕತ್ತದ," ಎಂದ ಖಾಜಾ ಮಾಮಾ. "ಅಂಬುಜಾಬಾಯಿ ಆವಾಜ್ ತೆಗಿಯಲೇ."

ಒಂದೇ ಒಂದು ಸಾಲು, ಎಂದುಕೊಂಡೆ. "ಚಿತ್ತಾಪುರದ ನನ್ನ ಅಕ್ಕ ತಂಗ್ಯಾರ, ಆರಾಮ ಅದೀರಿಲ್ಲೋ? ನಾನರಿ, ನಿಮ್ಮ ಅಂಬುಜಾ!"

ಬಸಿಗಳು ಕೆಳಗಿಳಿದವು. ಟೇಲರ್ ಅಂಗಡಿಯವನು ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಿಬಂದ. ಆಟೋದ ಹಿಂದೆ ಐವತ್ತು ಜನ. "ಒಂದು ಹಾಡ್ರಿ ಬಾಯಿ!" ಎಂದರು. ಹಾಡಿದೆ. "ಒನ್ಸ್ ಮೋರ್" ಎಂದರು. ಒನ್ಸ್ ಮೋರ್ ಅಂದ ಮೇಲೆ ಕಲಾವಿದನಾದವನು ಹಾಡದಿರಲು ಸಾಧ್ಯವೇ? ಮೂರು ಸಲ ಹಾಡಿದೆ. ನಾಳೆ ಬರುತ್ತಾರೆ ಎಂದು ಹೇಳುವುದೊಂದನ್ನು ಮಾತ್ರ ಮರೆತೆ. ಇವತ್ತೇ ಬಂದುಬಿಟ್ಟಿದ್ದರಲ್ಲ!

ಈ ವ್ಯವಸ್ಥೆಯಲ್ಲಿ ಒಂದು ಅನುಕೂಲವಿತ್ತು. ನಾನು ಯಾವಾಗಲೂ ಒಂದು ದಿನ ಮುಂದೆ ಇರುತ್ತಿದ್ದೆ, ನಾನು ಮಾಡಿದ ಘನಕಾರ್ಯದ ಫಲ ಒಂದು ದಿನ ಹಿಂದೆ. ಅಂಬುಜಾಬಾಯಿ ಚಿತ್ತಾಪುರ ಮುಟ್ಟುವಾಗ ನಾನು ವಾಡಿಯ ದಾರಿಯಲ್ಲಿದ್ದೆ. ಫೋನು ಬಂತು.

"ಮಲ್ಲ್ಯಾ, ಇಲ್ಲಿ ಟಾಕೀಸ್ ಅರ್ಧ ಖಾಲಿ ಅದ. ನೀವು ನಿನ್ನೇನ ಬಂದು ಮೂರು ಸಲ ಹಾಡಿ ಹೋದ್ರಲ್ಲ, ಮತ್ತ್ಯಾಕ ಬಂದ್ರಿ ಅಂತ ಕೇಳ್ಲಿಕತ್ತಾರ. ನಾ ನಿನ್ನಿ ಸೇಡಂದಾಗ ಇದ್ದೆನಲ್ಲೋ?"

"ಕ್ಯಾಸೆಟ್ ಹಾಕಿದ್ದೆರಿ ಬಾಯಿಯೋರೆ," ಎಂದೆ. ಹೇಳುವ ಮೊದಲು ಕೆಮ್ಮಿದೆ. ಸಾಹುಕಾರರ ಕೆಮ್ಮು ನನಗೆ ಬರುತ್ತದೆಂದು ಹೇಳಿದ್ದೆನಲ್ಲ.

"ಕ್ಯಾಸೆಟ್ ಬಿಟ್ಟು ಬಾಯಿಲೆ ಹೇಳು," ಎಂದರು. "ನಾಳಿಗಿ ಶಹಾಬಾದಕ್ಕ ಹೋಗಬ್ಯಾಡ. ವಾಡಿಯೊಳಗ ನಿಲ್ಲು. ನನ್ನ ನೀನ ಸ್ಟೇಜಿಗಿ ಕರಿ."

ವಾಡಿಯಲ್ಲಿ ಆಟೋ ನಿಲ್ಲಿಸಿದಾಗ ನಾನು ದೃಢ ನಿರ್ಧಾರ ಮಾಡಿದ್ದೆ: ನನ್ನ ದನಿಯಲ್ಲೇ ಮಾತಾಡುವುದು. ಆ ನಿರ್ಧಾರ ಸ್ಟೇಷನ್ನಿನಿಂದ ಬಜಾರಿನ ತನಕ ಬಾಳಿತು. ಅಲ್ಲಿಯೂ ಯಾರೂ ತಿರುಗಿ ನೋಡದಿದ್ದಾಗ ಬಾಯಿ ತಾನಾಗಿಯೇ ಅಂಬುಜಾಬಾಯಿ ಆಯಿತು. ಎರಡು ಸಾಲು ಹಾಡುವಷ್ಟರಲ್ಲಿ ಆಟೋ ಗಕ್ಕನೆ ನಿಂತಿತು. ಮುಂದೆ ಹತ್ತು ಹನ್ನೆರಡು ಹೆಂಗಸರು. ಎಲ್ಲರಿಗಿಂತ ಮುಂದೆ ಮಹಿಳಾ ಸಂಘದ ಶರಣಮ್ಮ, ಕೈಯಲ್ಲಿ ತಟ್ಟೆ.

"ಅಕ್ಕೋರೆ, ಇಳೀರಿ ಕೆಳಗ. ನಮ್ಮೂರಿಗಿ ಬಂದ ಹೆಣ್ಮಗಳಿಗಿ ಉಡಿ ತುಂಬಲಾರದ ಕಳಸಂಗಿಲ್ಲ ನಾವು."

"ಮೊಣಕಾಲ ಬ್ಯಾನಿ ಅದವ್ವ," ಎಂದೆ ಒಳಗಿಂದ.

"ಹಂಗಾರ ಕುಂತಲ್ಲೇ ಸೆರಗು ಒಡ್ಡ್ರಿ."

ಸೆರಗು! ನಾನು ಜೀನ್ಸ್ ಪ್ಯಾಂಟಿನಲ್ಲಿದ್ದೆ. ಖಾಜಾ ಮಾಮಾ ಮುಂದಿನಿಂದ ತನ್ನ ಸೀಟಿನ ಮೇಲಿನ ಹೂವಿನ ಟವೆಲ್ ಎಳೆದು ಹಿಂದೆ ಎಸೆದ. ಬ್ಯಾನರಿನ ಸಂದಿಯಿಂದ ಅದನ್ನೇ ಒಡ್ಡಿದೆ. ಅಕ್ಕಿ ಬಿತ್ತು, ಕಾಯಿ ಬಿತ್ತು, ಉತ್ತತ್ತಿ ಬಿತ್ತು, ಖಣ ಬಿತ್ತು. ಇಷ್ಟಕ್ಕೆ ಮುಗಿಯಿತೆಂದು ಉಸಿರು ಬಿಟ್ಟೆ.

"ಕೈ ಕೊಡ್ರಿ, ಬಳಿ ಇಡ್ತೀನಿ."

ಗಡಿಯಾರ ಬಿಚ್ಚಿ, ತೋಳಿಗೆ ಟವೆಲ್ಲಿನ ತುದಿ ಸುತ್ತಿ ಮುಂಗೈಯಷ್ಟೇ ಹೊರಗೆ ಚಾಚಿದೆ. ಶರಣಮ್ಮ ಹಿಡಿದು ಒತ್ತಿ ನೋಡಿದಳು.

"ಯವ್ವಾ, ಅಕ್ಕೋರ ಕೈ ಎಷ್ಟು ಒರಟ ಅದ."

"ನಾಟಕದಾಗ ಕತ್ತಿ ಹಿಡದು ಹಿಡದು ಹಿಂಗಾಗ್ಯಾವ ತಂಗಿ," ಎಂದೆ.

ಆಕೆಯ ಕಣ್ಣಲ್ಲಿ ನೀರೇ ಬಂತಂತೆ, ಆಮೇಲೆ ಖಾಜಾ ಮಾಮಾ ಹೇಳಿದ. ನನ್ನ ಕಣ್ಣಲ್ಲೂ ಬಂತು, ಆರು ಬಳೆ ಏರಿಸುವಾಗ. ಫರಸಿ ಎತ್ತುವ ಕೈ ಅದು. ಹೋಗುವಾಗ ಹೋದ ಬಳೆ ಬರುವಾಗ ಬರಲಿಲ್ಲ. ಸಾಬೂನು ಹಚ್ಚಿದೆ, ಎಣ್ಣೆ ಹಚ್ಚಿದೆ. ಒಡೆಯೋಣವೆಂದರೆ ಖಾಜಾ ಮಾಮಾ ಬಿಡಲಿಲ್ಲ. "ಉಡಿ ತುಂಬಿದ ಬಳಿ ಒಡಿಬಾರದಲೇ," ಎಂದು ನನಗೇ ಶಾಸ್ತ್ರ ಹೇಳಿ ಉತ್ತತ್ತಿಯನ್ನೆಲ್ಲ ತಿಂದುಹಾಕಿದ.

ಮರುದಿನ ವಾಡಿಯ ಆ ಬಿಸಿಲಿನಲ್ಲಿ ತುಂಬುತೋಳಿನ ಅಂಗಿ ತೊಟ್ಟು, ಗುಂಡಿ ಹಾಕಿ ನಿಂತಿದ್ದ ಏಕೈಕ ಮನುಷ್ಯ ನಾನು. ಟಾಕೀಸಿನ ಮುಂದೆ ಪುಟ್ಟ ವೇದಿಕೆ. ಜನ ಬಂದಿದ್ದರು, ಆದರೆ ಯಾರೂ ಟಿಕೆಟ್ಟಿನ ಕಿಟಕಿಯ ಕಡೆ ಹೋಗುತ್ತಿರಲಿಲ್ಲ. ಅಂಬುಜಾಬಾಯಿ ಕಾರಿನಿಂದ ಇಳಿದು ಸರಸರ ನಡೆದು ಬಂದರು. ತಿಳಿ ಬಣ್ಣದ ಇಳಕಲ್ ಸೀರೆ, ಬಿಳಿಗೂದಲು. ಹೆಲ್ಮೆಟ್ಟಿಲ್ಲ, ಕರಿ ಕನ್ನಡಕವಿಲ್ಲ.

ಶರಣಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಇವರ್ಯಾರು? ನಿನ್ನಿ ಬಂದೋರಿಗಿ ಮೊಣಕಾಲ ಬ್ಯಾನಿ ಇತ್ತು. ಇವರು ಓಡೇ ಬರ್ಲಿಕತ್ತಾರ."

"ನಾನ ಅಂಬುಜಾಬಾಯಿ ಅವ್ವಾ," ಎಂದರು ಅವರು.

"ಹಂಗಾರ ಹಾಡ್ರಿ ನೋಡಮು."

ಅವರು ಹಾಡಿದರು. ವಯಸ್ಸಾದ ದನಿ, ಮೇಲಿನ ಸ್ವರದಲ್ಲಿ ಸ್ವಲ್ಪ ಒಡೆಯುತ್ತಿತ್ತು. ಆದರೂ ನನ್ನ ಮೈಯೆಲ್ಲ ಜುಮ್ಮೆಂದಿತು. ಶರಣಮ್ಮ ಕರುಣೆಯಿಂದ ತಲೆಯಾಡಿಸಿದಳು.

"ಛಲೋ ಹಾಡ್ತೀರಿ, ಸುಳ್ಯಾಕ ಹೇಳಲಿ. ಆದ್ರ ನಿನ್ನಿ ದನಿ ಕ್ಯಾಸೆಟ್ಟಿನ್ಯಾಂಗ ಇತ್ತು. ನೀವು ಡೂಪ್ಲಿಕೇಟ್ ಅದೀರಿ ಅಕ್ಕೋರೆ. ನಡೀರಿ ಮನಿಗಿ."

ಕೊನೆಯ ಎರಡು ಪದ ಹೆಂಗಸರಿಗೆ ಹೇಳಿದ್ದು. ಎಲ್ಲರೂ ಸೆರಗು ಸಿಕ್ಕಿಸಿಕೊಂಡು ಹೊರಟರು. ಅಂಬುಜಾಬಾಯಿಯವರ ಮುಖ ಸಣ್ಣದಾಯಿತು. ಚಿತ್ತಾಪುರದಲ್ಲಿ ಅರ್ಧ ಟಾಕೀಸು, ಇಲ್ಲಿ ಅದೂ ಇಲ್ಲ. ನಾನು ವೇದಿಕೆಗೆ ಜಿಗಿದು ಮೈಕು ಎತ್ತಿದೆ. "ಖರೇ ಅಂಬುಜಾಬಾಯಿ ಇವರೇ ಅದಾರಿ!"

ಮೈಕು ಎತ್ತಿದ ರಭಸಕ್ಕೆ ಗುಂಡಿ ಕಿತ್ತು ತೋಳು ಮೇಲೇರಿತು. ಆರೂ ಬಳೆಗಳು ಸ್ಪೀಕರಿನಲ್ಲಿ ಘಲ್ಲೆಂದವು.

ಶರಣಮ್ಮ ತಿರುಗಿ ನಿಂತಳು. ಹತ್ತಿರ ಬಂದಳು. ಬೆರಳು ಹಚ್ಚಿ ಒಂದೊಂದೇ ಬಳೆ ಎಣಿಸಿದಳು. ಕೈ ಒತ್ತಿ ನೋಡಿದಳು.

"ಕತ್ತಿ ಹಿಡದು ಹಿಡದು ಒರಟ ಆಗ್ಯಾವೇನೋ, ಬಾಡ್ಯಾ?"

ಆಮೇಲಿನ ಐದು ನಿಮಿಷದ ವರದಿ ಇಲ್ಲಿ ಬೇಡ. ಉಡಿ ವಾಪಸ್ ಕೊಡಬೇಕೆಂದು ಆಜ್ಞೆಯಾಯಿತು. ಅಕ್ಕಿ, ಕಾಯಿ, ಖಣ ಆಟೋದಲ್ಲೇ ಇದ್ದವು. "ಉತ್ತತ್ತಿ ಎಲ್ಲಿ?" ಎಂದು ಶರಣಮ್ಮ ಕೇಳಿದಾಗ ಖಾಜಾ ಮಾಮಾ ಟವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತ, "ಬಾಯಿ ಆವಾಜ್ ಕೇಳಿ ನನಗೂ ಅವರೇ ಅದಾರ ಅನಿಸ್ತರಿ," ಎಂದ. ಮೂರು ದಿನ ನನ್ನ ಜೊತೆ ತಿರುಗಿದ ಮನುಷ್ಯ!

ಅಂಬುಜಾಬಾಯಿ ಮಾತ್ರ ನನ್ನ ಬಳೆಗಳನ್ನೇ ನೋಡುತ್ತಿದ್ದರು. ಮೊದಲು ಅವರ ಭುಜ ಅಲುಗಿತು. ಆಮೇಲೆ ನಗು ಹೊರಬಿತ್ತು. ಅವರ ಸಿನಿಮಾದಲ್ಲೂ ಅಷ್ಟು ನಗುವಿರಲಿಲ್ಲ. ಶರಣಮ್ಮನ ಕೈ ಹಿಡಿದುಕೊಂಡರು.

"ನಿನ್ನ ತಪ್ಪಿಲ್ಲವ್ವ. ಇವ ಹಾಡಿದ್ದು ನನ್ನ ಮೂವತ್ತು ವರ್ಷದ ಹಿಂದಿನ ದನಿ. ಅದು ಈಗ ನನ್ನ ಹತ್ರನೂ ಇಲ್ಲ."

ಶರಣಮ್ಮ ಹೊಸ ಖಣ ತರಿಸಿ, ಹೊಸ ಉತ್ತತ್ತಿ ತರಿಸಿ, ಜನರೆದುರಿಗೆ ಅಂಬುಜಾಬಾಯಿಯವರ ಉಡಿ ತುಂಬಿದಳು. "ನಡೀರಿ ಒಳಗ," ಎಂದಳು. ಹೆಂಗಸರು ಹೊರಟರು, ಅವರ ಹಿಂದೆ ಗಂಡಸರು, ಅವರ ಹಿಂದೆ ಬಜಾರು. ವಾಡಿಯ ಟಾಕೀಸು ತುಂಬಿ, ಗೋಡೆಗೆ ಒರಗಿ ನಿಂತವರೇ ನೂರು ಜನ. ನನ್ನನ್ನು ಒಳಗೆ ಬಿಡಲಿಲ್ಲ. ಹೊರಗೆ ಕುಳಿತು, ಒಳಗಿನ ಪ್ರತಿಯೊಂದು ನಗೆಯೂ ನನ್ನನ್ನು ನೋಡಿಯೇ ನಕ್ಕದ್ದೆಂದು ಭಾವಿಸಿಕೊಂಡು ಎರಡೂವರೆ ಗಂಟೆ ಕಳೆದೆ.

ಆ ಹೊತ್ತಿನಲ್ಲಿ ಒಂದು ಕ್ಷಮಾಪಣೆ ಸಿದ್ಧಮಾಡಿಕೊಂಡೆ. ತಾವು ಹಿರಿಯರು, ನಾನು ಕಿರಿಯ, ಅಚಾತುರ್ಯವಾಯಿತು, ಪಾತ್ರದ ಮಾತು ಮಾತ್ರ ಮರೆಯಬಾರದು, ಇತ್ಯಾದಿ. ಸಿನಿಮಾ ಬಿಟ್ಟಿತು. ಅಂಬುಜಾಬಾಯಿ ಶರಣಮ್ಮನ ಹೆಗಲಿಗೆ ಕೈ ಹಾಕಿಕೊಂಡು ಹೊರಬಂದರು, ಸುತ್ತ ಇಡೀ ವಾಡಿ. ನಾನು ಅಡ್ಡ ಹೋಗಿ ಕೈ ಮುಗಿದೆ. ಬಾಯಿ ತೆಗೆದೆ.

"ತಪ್ಪಾಯ್ತರಿ ಬಾಯಿಯೋರೆ, ಹೊಟ್ಟ್ಯಾಗ ಹಾಕ್ಕೋರಿ. ಆ ಪಾತ್ರ ಮಾತ್ರ ನನಗ ಕೊಡಸ್ರಿ."

ಜನ ಗೊಳ್ಳೆಂದರು. ಯಾಕೆಂದು ನನಗೆ ಮೊದಲು ತಿಳಿಯಲಿಲ್ಲ. ಬಾಯಿಂದ ಬಂದದ್ದು ಅಂಬುಜಾಬಾಯಿಯವರದೇ ದನಿ. ಅದೂ ಮೂವತ್ತು ವರ್ಷದ ಹಿಂದಿನದು, ಒಂದು ಸ್ವರ ಆಚೀಚೆ ಇಲ್ಲ.

ಅವರು ನಗಲಿಲ್ಲ. ಕಾರಿನ ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟು, ನನ್ನ ಕಡೆ ತಿರುಗಿದರು.

"ತಮ್ಮಾ, ನಲವತ್ತು ವರ್ಷದಾಗ ಈ ದನಿ ಯಾರ ಮುಂದನೂ ತಪ್ಪಾಯ್ತು ಅಂದಿಲ್ಲ, ಪಾತ್ರ ಕೊಡ್ರಿ ಅಂತ ಬೇಡಿಲ್ಲ. ಬೇಡೂದಿದ್ರ ನಿನ್ನ ದನಿ ತೊಗೊಂಡು ಬಾ."