ಮೆಣಸಿನಕಾಯಿ ಹೊಲದ ಹೀರೋಯಿನ್

ಪುಷ್ಯದ ಬಿಸಿಲಿಗೆ ಕುಬಿಹಾಳದ ಎರೆಹೊಲಗಳಲ್ಲಿ ಮೆಣಸಿನಕಾಯಿ ಹಣ್ಣಾಗಿ ನಿಂತಿತ್ತು. ಊರವರೆಲ್ಲ ಕಣದಲ್ಲಿ ಕಾಯಿ ಹರವಿ ಸೀನುತ್ತ ಓಡಾಡುತ್ತಿದ್ದರು. ಅತಾವುಲ್ಲಾನ ಕಣದಲ್ಲಿ ಮಾತ್ರ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ಹೊಲದ ತುಂಬ ಕಾಯಿ, ಬಿಡಿಸಲು ಆಳಿಲ್ಲ. ಮೇಲೆ ಮೋಡ ಬೇರೆ. ನಾಲ್ಕು ಹನಿ ಬಿದ್ದರೆ ಕಾಯಿಗೆ ಕಲೆ ಬಿದ್ದು, ಪೇಟೆಯಲ್ಲಿ ಮೂಸಿ ನೋಡುವವರೂ ಇರುತ್ತಿರಲಿಲ್ಲ.

"ಹೆಣ್ಣಾಳೆಲ್ಲಾ ಬಾಜು ಊರಿನ ಟೆಂಪೋ ಹತ್ಯಾವು," ಎಂದ ಪಕ್ಕದ ಹೊಲದ ಲಕ್ಷ್ಮಣಪ್ಪ. "ಅಲ್ಲೆ ಮುಂಜಾನಿ ವಡಾ, ಸಂಜಿಕೆ ಚಾ."

"ನಾನೂ ಚಾ ಕೊಡ್ತೀನಲ್ಲ ಕಾಕಾ."

"ನಿನ್ನ ಚಾ ಕುಡದಾವ್ರು ಮತ್ತೊಮ್ಮಿ ಬರೂದಿಲ್ಲ, ಅದ ತ್ರಾಸ." ಲಕ್ಷ್ಮಣಪ್ಪ ತಂಬಾಕು ತಿಕ್ಕುತ್ತ ದನಿ ತಗ್ಗಿಸಿದ. "ಒಂದ್ ಕೆಲಸ ಮಾಡು ಲೇ. ಹೊಲದಾಗ ಶೂಟಿಂಗ್ ಐತಿ ಅಂತ ಸುದ್ದಿ ಬಿಡು. ಮಹಾನಂದಾಬಾಯಾರ್ನ ಕರಕೊಂಡ್ ಬಂದು ಬದುವಿನ ಮ್ಯಾಲ ಕೂಡಸು. ಹೆಣ್ಣಾಳು ಟೆಂಪೋದಿಂದ ಜಿಗದು ಬರ್ತಾವು."

ಮಹಾನಂದಾಬಾಯಿ ಒಂದು ಕಾಲದ ಸಿನಿಮಾ ನಟಿ. ನಾಲ್ಕು ಪಿಕ್ಚರಿಗೆ ಹೀರೋಯಿನ್ ಆಗಿ, ಆಮೇಲೆ ಹೀರೋನ ಅಕ್ಕ, ಅತ್ತೆ ಆಗಿ, ಕಡೆಗೆ ಗೋಡೆಯ ಮೇಲಿನ ಫೋಟೋ ಆಗಿ ಊರಿಗೆ ಮರಳಿದ್ದರು. ಹಾಲು ತರಲು ಹೊರಟರೂ ಕಪ್ಪು ಕನ್ನಡಕ ಬಿಡುತ್ತಿರಲಿಲ್ಲ. ಹಳ್ಳದ ದಂಡೆಯ ಹೊಲವನ್ನು ಲಾವಣಿಗೆ ಕೊಟ್ಟು, ಗೇಣಿಯ ದುಡ್ಡಲ್ಲಿ ದಿನ ತಳ್ಳುತ್ತ, ಪಿಕ್ಚರಿನವರು ಕರೆಯಲು ಬರುತ್ತಾರೆಂದು ಕಾಯುತ್ತಾರೆ ಎಂದೇ ಊರು ಆಡಿಕೊಳ್ಳುತ್ತಿತ್ತು.

ಅತಾವುಲ್ಲಾ ಹೋಗಿ ಬಾಯಾರ ಪಡಸಾಲೆಯಲ್ಲಿ ಶೂಟಿಂಗಿನ ಮಾತೆತ್ತಿ, ಟೊಪ್ಪಿಗೆ ತಿರುವುತ್ತ ಕೂತ.

"ಡೈರೆಕ್ಟರ್ ಯಾರು?" ಬಾಯಾರು ಕೇಳಿದರು.

"ನಾನ ರೀ." ಬಾಯಿಗೆ ಬಂದದ್ದು ಅಷ್ಟೇ.

ಕನ್ನಡಕದ ಹಿಂದಿನಿಂದ ಅವರು ಅವನನ್ನು ಹಳೆಯ ಎತ್ತಿನ ಹಲ್ಲು ನೋಡುವವರ ಹಾಗೆ ನೋಡಿದರು. "ಬರ್ತೀನಿ. ರೊಕ್ಕ ಬ್ಯಾಡ. ಊರ ಪದ್ಧತಿ ಪ್ರಕಾರ ಮುಯ್ಯಾಳು. ಇವತ್ತ ನಿನ್ನ ಹೊಲಕ್ಕ ನಾ, ನಾಳೆ ನನ್ನ ಹೊಲಕ್ಕ ನೀ."

ಬಾಯಾರು ಚೇಷ್ಟೆ ಮಾಡುತ್ತಿದ್ದಾರೆಂದು ಅತಾವುಲ್ಲಾ ನಕ್ಕು ತಲೆಯಾಡಿಸಿದ. ಲಾವಣಿ ಹೊಲದಲ್ಲಿ ತನಗೇನು ಕೆಲಸ?

ಮದುವೆ ವಿಡಿಯೋ ತೆಗೆಯುವ ಸಾಧಿಕ್ ಕ್ಯಾಮೆರಾ ಹೊತ್ತು ಬಂದ. "ಬ್ಯಾಟರಿ ಇಲ್ಲ ಭಾಯ್," ಎಂದ ಕಿವಿಯಲ್ಲಿ. "ಲೆನ್ಸಿನ ಮುಚ್ಚಳಾನೂ ತಗಿಯೂದಿಲ್ಲ. ಧೂಳ ಕುಂಡರತೈತಿ."

ಸುದ್ದಿ ಬಿಟ್ಟು ಒಂದು ಬೀಡಿ ಸೇದುವಷ್ಟರಲ್ಲಿ ಗುಂಪಿನ ಮುಂದಾಳು ಮಲ್ಲಕ್ಕನ ಹಿಂದೆ ಹೆಣ್ಣಾಳುಗಳ ಹಿಂಡೇ ಬಂತು. ಅತಾವುಲ್ಲಾನ ಎದೆ ಅರಳಿದ್ದು ಅವರು ಹತ್ತಿರ ಬರುವ ತನಕ ಮಾತ್ರ. ಎಲ್ಲರೂ ಮದುವೆ ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಹಿಟ್ಟಿನ ಗಿರಣಿಯಿಂದ ಈಗ ಹೊರಬಂದವರ ಹಾಗೆ ಪೌಡರ್ ಬಳಿದುಕೊಂಡಿದ್ದರು.

"ಮಲ್ಲಕ್ಕ, ಬಗ್ಗಿ ಬಿಡಸವಾ."

"ಬಗ್ಗಿದ್ರ ಮಾರಿ ಹ್ಯಾಂಗ ಕಾಣತೈತೋ ಯಪ್ಪಾ?" ಮಲ್ಲಕ್ಕ ಒಂದೇ ಕಾಯಿ ಎರಡು ಬೆರಳಲ್ಲಿ ಹಿಡಿದು ಕ್ಯಾಮೆರಾದತ್ತ ಹಲ್ಲು ಬಿಟ್ಟಳು. ಉಳಿದವರು ಅವಳನ್ನು ಸರಿಸಿ ಮುಂದೆ ಬಂದರು. ಮುಂದಿನ ಸಾಲಿಗಾಗಿ ಜಗಳ ಹತ್ತಿತು. ಹಿಂದಿನ ಸಾಲಿಗೆ ಯಾರೂ ಇಲ್ಲ. ಬಿಡಿಸಿದ್ದಕ್ಕಿಂತ ತುಳಿದ ಕಾಯಿಯೇ ಹೆಚ್ಚಾಯಿತು. ಅತಾವುಲ್ಲಾ ಗಿಡಗಳಿಗೆ ಅಡ್ಡ ಕೈ ಚಾಚಿ, ಗೂಟ ಕಿತ್ತ ಎಮ್ಮೆ ತಡೆಯುವವನ ಹಾಗೆ ಓಡಾಡಿದ.

ಮುಂಜಾನೆಯಿಂದ ಬದುವಿನ ಮೇಲೆ ಕೂತಿದ್ದ ಬಾಯಾರು ಇಳಿಹೊತ್ತಿಗೆ ಎದ್ದು ನಿಂತರು. ಕನ್ನಡಕ ತೆಗೆದರು. ಒಂದು ಕಾಯಿ ಕಿತ್ತು ಉಡಿಗೆ ಹಾಕಿ, ಹೊಲದಾಚೆ ಯಾರೋ ಬರುತ್ತಿದ್ದಾರೆಂಬಂತೆ ನೋಡಿದರು. ಅಷ್ಟೇ. ಜಗಳ ನಿಂತಿತು. ಮಲ್ಲಕ್ಕ ಸೆರಗಿನಿಂದ ಕಣ್ಣೊರಸಿಕೊಂಡಳು. ಅತಾವುಲ್ಲಾ ಕೂಡ ಆಚೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ಸಂಜೆಗೆ ಒಂದೂವರೆ ಚೀಲ ಕಾಯಿ ಕಣ ಸೇರಿತು. ನಾಯಿ ಸ್ವಲ್ಪ ಸರಿದು ಮಲಗಿತು.

ಮರುದಿನ ಬೆಳಕು ಹರಿಯುವ ಮುಂಚೆ ಬಾಯಾರು ಅವನ ಬಾಗಿಲಲ್ಲಿದ್ದರು. "ಮುಯ್ಯಿ ತೀರಸಾಕ ನಡಿ."

"ನಿಮ್ಮ ಹೊಲ ಲಾವಣಿಗೆ ಐತಲ್ರೀ?"

"ಈ ಸಲ ಲಾವಣಿ ಬಿಡಿಸ್ಕೊಂಡೇನಿ. ನನಗೂ ಹೆಣ್ಣಾಳ ಸಿಕ್ಕಿದ್ದಿಲ್ಲ."

ಹಳ್ಳದ ದಂಡೆಯಲ್ಲಿ ಮಲ್ಲಕ್ಕನ ಇಡೀ ಹಿಂಡು ಹರಕು ಸೀರೆ ಉಟ್ಟು, ಉಡಿ ಕಟ್ಟಿ, ಮುಖ ಎತ್ತದೆ ಬರಬರನೆ ಕಾಯಿ ಬಿಡಿಸುತ್ತಿತ್ತು. ಬದುವಿನ ಮೇಲೆ ಸಾಧಿಕನ ಕ್ಯಾಮೆರಾ. ಮುಚ್ಚಳ ಹಾಗೇ ಇತ್ತು.

"ಇದು ಎರಡನೇ ಸೀನ್ ಅಂತ ಹೇಳೇನಿ," ಎಂದರು ಬಾಯಾರು. "ಬಡವರ ಸೀನ್. ಯಾರ ಉಡಿ ಮೊದಲ ತುಂಬತೈತೋ ಅವ್ರ ಮಾರಿ ದೊಡ್ಡದಾಗಿ ಬರತೈತಿ."

ಅತಾವುಲ್ಲಾ ಕ್ಯಾಮೆರಾದತ್ತ ಕೈ ಮಾಡಿದ. "ಮುಚ್ಚಳ... ನಿಮಗ ಗೊತ್ತಿತ್ತೇನ್ರಿ?"

"ಕ್ಯಾಮೆರಾದ ಮುಂದ ಕೂದಲ ಬೆಳ್ಳಗಾಗ್ಯಾವು. ಮುಚ್ಚಿದ ಕಣ್ಣು ಗೊತ್ತಾಗೂದಿಲ್ಲೇನು?"

"ಮತ್ತ ನಿನ್ನೆ ಹಂಗ್ಯಾಕ ನೋಡಿದ್ರಿ?"

"ಮಲ್ಲಕ್ಕ ನೋಡಾಕತ್ತಿದ್ಲಲ್ಲ," ಎಂದು ಬಾಯಾರು ಕನ್ನಡಕ ಏರಿಸಿದರು.

ಖರೇ ಹೇಳಿಬಿಡಲೇ ಎಂದು ಅತಾವುಲ್ಲಾ ಮಲ್ಲಕ್ಕನತ್ತ ಹೆಜ್ಜೆ ಹಾಕಿದ. ಮೊದಲ ಸುಳ್ಳು ಯಾರದೆಂದು ನೆನಪಾಯಿತು. ಉಡಿಯಿಲ್ಲದ್ದಕ್ಕೆ ಟವೆಲ್ ಕಟ್ಟಿಕೊಂಡು ಬಗ್ಗಿದ.

ಮಧ್ಯಾಹ್ನ ಅವನ ಬೆನ್ನ ಮೇಲೆ ಮೊದಲ ಹನಿ ಬಿತ್ತು. ಅಷ್ಟರಲ್ಲಿ ಬಾಯಾರ ಕಾಯಿಯೆಲ್ಲ ಚೀಲ ಸೇರಿ, ತಾಡಪತ್ರಿಯ ಕೆಳಗಿತ್ತು.

"ಮುಯ್ಯಿ ತೀರಿತು, ಡೈರೆಕ್ಟರ್ ಸಾಹೇಬ," ಎಂದರು ಬಾಯಾರು ಕೊಡೆ ಬಿಚ್ಚುತ್ತ. "ನೀ ಇನ್ನ ಹೋಗು. ನಿನ್ನ ಹೊಲ ತೋಯಾಕತ್ತೈತಿ."